ಪೆಟ್ಟು ತಿನ್ನದ ಸಾಹಸಿ

ನೆವಾಡ ಮರುಭೂಮಿಯ ನಡುವೆ ಒಂದು ಊರು. ಓರಣವಾದ ಮನೆಗಳು, ಮನೆ ಮುಂದೆ ಕಾರು, ಒಳಗೆ ಹಚ್ಚಿಟ್ಟ ಟಿವಿ. ಸೋಫಾದ ಮೇಲೆ ಕೂತಿರುವವರು ಮಾತ್ರ ಬಟ್ಟೆ ಅಂಗಡಿಯಲ್ಲಿ ನಿಲ್ಲಿಸುವಂಥ ಗೊಂಬೆಗಳು. ಸೈರನ್ ಕೂಗುತ್ತದೆ. ಅಣುಬಾಂಬಿನ ಹೊಡೆತ ಎಷ್ಟಿರುತ್ತದೆಂದು ನೋಡಲು ಕಟ್ಟಿದ ಊರಿದು, ಬಾಂಬು ಈಗಲೋ ಆಗಲೋ ಸಿಡಿಯಲಿದೆ ಎಂಬುದು ನಾಯಕನಿಗೆ ಹೊಳೆಯುವುದು ಆಗಲೇ. ಅವನು ಅಡುಗೆಮನೆಗೆ ನುಗ್ಗಿ, ಫ್ರಿಜ್ಜಿನಲ್ಲಿದ್ದುದನ್ನೆಲ್ಲ ಹೊರಕ್ಕೆಸೆದು, ತಾನೇ ಒಳಹೊಕ್ಕು ಬಾಗಿಲೆಳೆದುಕೊಳ್ಳುತ್ತಾನೆ. ಒಳಗೆ ಸೀಸದ ಪದರವಿದೆ ಎಂಬ ಬರಹ ಕ್ಷಣಕಾಲ ಕಾಣಿಸುತ್ತದೆ. ಬಾಂಬು ಸಿಡಿಯುತ್ತದೆ. ಊರು ಬೂದಿಯಾಗುತ್ತದೆ. ಫ್ರಿಜ್ಜು ಆಕಾಶಕ್ಕೆ ಹಾರಿ, ಬಹುದೂರ ಹೋಗಿ ಬಿದ್ದು, ಉರುಳುರುಳಿ ನಿಲ್ಲುತ್ತದೆ. ಅದರೊಳಗಿಂದ ಹೊರಬಿದ್ದ ಇಂಡಿಯಾನಾ ಜೋನ್ಸ್ ಎದ್ದು ನಿಂತು ಅಣಬೆಯಾಕಾರದ ಮೋಡವನ್ನು ನೋಡುತ್ತಾನೆ. ಮೈಮೇಲೆ ಒಂದಿಷ್ಟು ಧೂಳು, ಅಷ್ಟೆ.

2008ರ ಮೇ ತಿಂಗಳಲ್ಲಿ ತೆರೆಕಂಡ 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಕಿಂಗ್‌ಡಮ್ ಆಫ್ ದ ಕ್ರಿಸ್ಟಲ್ ಸ್ಕಲ್' ಚಿತ್ರ ಶುರುವಾಗಿ ಅರ್ಧ ಗಂಟೆ ಕಳೆಯುವ ಮೊದಲೇ ಬರುವ ದೃಶ್ಯ ಇದು. ಅಂಥ ಊರುಗಳನ್ನು ಅಮೆರಿಕ ನಿಜವಾಗಿಯೂ ಕಟ್ಟಿತ್ತು. 1955ರ ಮೇ ತಿಂಗಳಲ್ಲಿ ನೆವಾಡದ ಪರೀಕ್ಷಾ ನೆಲೆಯಲ್ಲಿ 29 ಕಿಲೊಟನ್ ಶಕ್ತಿಯ ಬಾಂಬನ್ನು ಸಿಡಿಸಿ, ಗೊಂಬೆ ಸಂಸಾರಗಳಿದ್ದ ಮನೆಗಳು ಏನಾದವೆಂದು ಚಿತ್ರೀಕರಿಸಿಕೊಂಡಿತ್ತು. ಹಿನ್ನೆಲೆ ಇಷ್ಟು ಗಟ್ಟಿಯಾಗಿದ್ದೂ ದೃಶ್ಯ ನಗೆಪಾಟಲಿಗೀಡಾಯಿತು. ಒಂದು ಒಳ್ಳೆಯ ಸರಣಿ ಯಾವ ಗಳಿಗೆಯಲ್ಲಿ ದಾರಿ ತಪ್ಪಿತು ಎಂದು ಹೇಳುವುದಕ್ಕೆ ಇಂಗ್ಲಿಷ್ ಸಿನಿಮಾ ಮಂದಿ ಇಂದಿಗೂ ಈ ಫ್ರಿಜ್ಜನ್ನೇ ಎಳೆದು ತರುತ್ತಾರೆ.

ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಚಿತ್ರ ಸೋತಿರಲಿಲ್ಲ. ಸುಮಾರು 18.5 ಕೋಟಿ ಡಾಲರ್ ವೆಚ್ಚದ ಸಿನಿಮಾ ಜಗತ್ತಿನಾದ್ಯಂತ 78 ಕೋಟಿ ಡಾಲರ್‌ಗೂ ಹೆಚ್ಚು ಬಾಚಿತು. ಆ ವರ್ಷ ಅದಕ್ಕಿಂತ ಹೆಚ್ಚು ಗಳಿಸಿದ್ದು 'ದ ಡಾರ್ಕ್ ನೈಟ್' ಒಂದೇ. ವಿಮರ್ಶಕರೂ ಪೂರ್ತಿ ಕೈಬಿಟ್ಟಿರಲಿಲ್ಲ. ಬೇಸರಗೊಂಡವರು 1989ರಲ್ಲಿ ಬಂದ ಮೂರನೆಯ ಕಂತಿನ ನಂತರ 19 ವರ್ಷ ಕಾದಿದ್ದ ಅಭಿಮಾನಿಗಳು. ಅತಿ ಕೆಟ್ಟ ಚಿತ್ರಗಳಿಗೆ ಅಣಕದ ಪ್ರಶಸ್ತಿ ಕೊಡುವ 'ರ‍್ಯಾಝಿ' ಬಳಗ ಆ ವರ್ಷದ ಕೆಟ್ಟ ಮುಂದುವರಿಕೆ ಎಂಬ ಪಟ್ಟವನ್ನು ಈ ಚಿತ್ರಕ್ಕೇ ಕಟ್ಟಿತು.

ಯಾಕೆ ಹೀಗಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು. ನಾಯಕನಿಗೆ ವಯಸ್ಸಾಗಿತ್ತು, ಅನ್ಯಗ್ರಹ ಜೀವಿಗಳನ್ನು ತಂದದ್ದು ತಪ್ಪಾಯಿತು, ಗ್ರಾಫಿಕ್ಸ್ ಅತಿಯಾಯಿತು. ಮೂರರಲ್ಲೂ ಸತ್ಯಾಂಶವಿದೆ. ಆದರೆ ಮೂರನ್ನೂ ಸರಿಪಡಿಸಿದ್ದರೂ ಈ ಚಿತ್ರ ನಿಲ್ಲುತ್ತಿರಲಿಲ್ಲ. ನಾಯಕನಿಗೆ ಏನೋ ಆಗಿಬಿಡಬಹುದು, ಅವನು ಏನನ್ನೋ ಕಳೆದುಕೊಳ್ಳಬಹುದು ಎಂಬ ಭಯದ ಮೇಲೆ ಸಾಹಸ ಚಿತ್ರ ನಿಂತಿರುತ್ತದೆ. ನಾಲ್ಕನೆಯ ಕಂತು ಆ ಭಯವನ್ನೇ ಕಿತ್ತುಹಾಕಿತು. ಎದುರಾಳಿಗಳ ಕೈಗೆ ಸಿಗುವುದೇ ಇಲ್ಲ ಎಂದು ಮೊದಲೇ ಗೊತ್ತಿರುವ ರೈಡರ್ ಅಂಕಣಕ್ಕಿಳಿದರೆ ಕಬಡ್ಡಿ ನೋಡಲು ಯಾರು ಕೂರುತ್ತಾರೆ?

ಪೆಟ್ಟಿನ ಲೆಕ್ಕ

ಮೊದಲ ಚಿತ್ರ, 1981ರ 'ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್'ನಲ್ಲಿ ಒಂದು ಲಾರಿ ಬೆನ್ನಟ್ಟುವ ದೃಶ್ಯವಿದೆ. ಯೆಹೂದ್ಯರ ಪವಿತ್ರ ಪೆಟ್ಟಿಗೆಯನ್ನು ನಾಜಿಗಳು ಲಾರಿಯಲ್ಲಿ ಸಾಗಿಸುತ್ತಿದ್ದಾರೆ. ಇಂಡಿ ಕುದುರೆಯ ಮೇಲೆ ಬಂದು ಲಾರಿಗೆ ನೆಗೆಯುತ್ತಾನೆ, ಚಾಲಕನನ್ನು ತಳ್ಳಿ ತಾನೇ ಸ್ಟಿಯರಿಂಗ್ ಹಿಡಿಯುತ್ತಾನೆ. ಅಲ್ಲಿಗೆ ಗೆದ್ದ ಎನ್ನುವಷ್ಟರಲ್ಲಿ ತೋಳಿಗೆ ಗುಂಡು ಬೀಳುತ್ತದೆ. ಲಾರಿಯೊಳಕ್ಕೆ ನುಗ್ಗಿದ ಸೈನಿಕ ಆ ಗಾಯದ ಮೇಲೆಯೇ ಗುದ್ದುತ್ತಾನೆ, ಮುಂದಿನ ಗಾಜು ಒಡೆದು ಇಂಡಿಯನ್ನು ಹೊರಕ್ಕೆಸೆಯುತ್ತಾನೆ. ಲಾರಿಯ ಮೂತಿಗೆ ಜೋತುಬಿದ್ದ ಇಂಡಿ ಹಿಡಿದ ಕಂಬಿಗಳು ಒಂದೊಂದಾಗಿ ಬಾಗಿ ಕಳಚುತ್ತವೆ. ಕೊನೆಗೆ ಅವನು ಲಾರಿಯ ಹೊಟ್ಟೆಯಡಿ ತೂರಿ, ಹಿಂಬದಿಗೆ ಚಾಟಿ ಸಿಕ್ಕಿಸಿ, ರಸ್ತೆಯ ಮೇಲೆ ದರದರ ಎಳೆಸಿಕೊಂಡು, ಮತ್ತೆ ಹತ್ತಿ ಬರುತ್ತಾನೆ.

ಲಾರಿಯಡಿ ತೂರುವ ಭಾಗವನ್ನು ಟೆರಿ ಲೆನರ್ಡ್ ಎಂಬ ಸಾಹಸ ಕಲಾವಿದ ನಿಜವಾಗಿಯೇ ಮಾಡಿದ್ದರು. ಅವರ ಮೈ ಹಿಡಿಸುವಷ್ಟು ಜಾಗ ಸಿಗಲೆಂದು ರಸ್ತೆಯ ನಡುವೆ ಉದ್ದಕ್ಕೆ ಕಾಲುವೆಯಂತೆ ತೋಡಿದ್ದರು. ಲಾರಿಯನ್ನು ನಿಧಾನಕ್ಕೆ ಓಡಿಸಿ, ಕ್ಯಾಮೆರಾದ ವೇಗ ತಗ್ಗಿಸಿ, ತೆರೆಯ ಮೇಲೆ ಜೋರು ಕಾಣುವಂತೆ ಮಾಡಿದ್ದರು. 1939ರ 'ಸ್ಟೇಜ್‌ಕೋಚ್' ಚಿತ್ರದಲ್ಲಿ ಯಾಕಿಮಾ ಕನೂಟ್ ಕುದುರೆಗಾಡಿಯ ಅಡಿಯಲ್ಲಿ ಇದೇ ಬಗೆಯ ಸಾಹಸ ಮಾಡಿದ್ದರು. ಇದು ಅವರಿಗೆ ಸಲ್ಲಿಸಿದ ನಮನ.

ಇಷ್ಟಾದ ಮೇಲೆ ಬರುವ ದೃಶ್ಯದಲ್ಲಿ ಯಾವ ಸಾಹಸವೂ ಇಲ್ಲ. ಹಡಗಿನ ಕೋಣೆಯಲ್ಲಿ ಇಂಡಿಯ ಪ್ರೇಯಸಿ ಮೇರಿಯನ್ ಅವನ ಗಾಯಗಳನ್ನು ಒರೆಸುತ್ತಿದ್ದಾಳೆ. ಮುಟ್ಟಿದಲ್ಲೆಲ್ಲ ನೋವು. ನೋವಿಲ್ಲದ ಜಾಗ ಎಲ್ಲಿದೆ ತೋರಿಸು ಎಂದು ಅವಳು ರೇಗಿದಾಗ ಅವನು ಮೊಣಕೈ ತೋರಿಸುತ್ತಾನೆ. ಅವಳು ಅಲ್ಲಿಗೆ ಮುತ್ತಿಡುತ್ತಾಳೆ. ಆಮೇಲೆ ಹಣೆ, ಆಮೇಲೆ ಕಣ್ಣು, ಕೊನೆಗೆ ತುಟಿ. ಆ ಹೊತ್ತಿಗೆ ದಣಿದ ಮನುಷ್ಯ ನಿದ್ದೆಗೆ ಜಾರಿರುತ್ತಾನೆ. ಲಾರಿಯ ಹೊಡೆದಾಟ ಮನಸ್ಸಿನಲ್ಲಿ ಉಳಿಯಲು ಅರ್ಧ ಕಾರಣ ಈ ಹಡಗಿನ ಕೋಣೆ. ಬಿದ್ದ ಪೆಟ್ಟು ಮೈಮೇಲೆ ಉಳಿಯಿತು, ಕಥೆಯೂ ಅದನ್ನು ಮರೆಯಲಿಲ್ಲ.

ಇದರ ಪಕ್ಕಕ್ಕೆ ನಾಲ್ಕನೆಯ ಚಿತ್ರದ ಕಾಡಿನ ದೃಶ್ಯವನ್ನಿಟ್ಟು ನೋಡಿ. ಅಕ್ಕಪಕ್ಕ ಓಡುವ ಎರಡು ವಾಹನಗಳ ಮೇಲೆ ಒಂದೊಂದು ಕಾಲಿಟ್ಟುಕೊಂಡು ಇಂಡಿಯ ಮಗ ಮಟ್ ಸೋವಿಯತ್ ಅಧಿಕಾರಿ ಸ್ಪಾಲ್ಕೊ ಜೊತೆ ಕತ್ತಿವರಸೆ ಆಡುತ್ತಾನೆ. ದಾರಿಬದಿಯ ಗಿಡಗಳು ಅವನ ತೊಡೆಸಂದಿಗೆ ಬಡಿಯುತ್ತವೆ, ಜನ ನಗಬೇಕು. ನಂತರ ಅವನು ಬಳ್ಳಿಗೆ ಸಿಕ್ಕಿಕೊಂಡು, ಕೋತಿಗಳನ್ನು ನೋಡಿ ಕಲಿತು, ಅವುಗಳ ಹಿಂಡಿನೊಂದಿಗೆ ಬಳ್ಳಿಯಿಂದ ಬಳ್ಳಿಗೆ ಜೀಕಿ, ಓಡುತ್ತಿರುವ ವಾಹನಗಳನ್ನು ಹಿಡಿದುಬಿಡುತ್ತಾನೆ. ಆಮೇಲೆ ಎಲ್ಲರೂ ಒಂದೇ ಗಾಡಿಯಲ್ಲಿ ಕೂತು ಸಾಲಾಗಿ ಮೂರು ಜಲಪಾತಗಳಿಂದ ಕೆಳಗೆ ಬೀಳುತ್ತಾರೆ. ಒಬ್ಬರ ಮೂಳೆಯೂ ಮುರಿಯುವುದಿಲ್ಲ. ಮೂರನೆಯ ಜಲಪಾತ ಬರುವ ಹೊತ್ತಿಗೆ ನೋಡುವವರು ಸೀಟಿನ ತುದಿಯಿಂದ ಹಿಂದಕ್ಕೆ ಒರಗಿರುತ್ತಾರೆ.

ಹಳೆಯ ಚಿತ್ರಗಳಲ್ಲಿ ಮಾತ್ರ ಎಲ್ಲವೂ ನಂಬುವಂತಿತ್ತೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 1984ರ 'ಟೆಂಪಲ್ ಆಫ್ ಡೂಮ್'ನಲ್ಲಿ ಮೂವರು ವಿಮಾನದಿಂದ ರಬ್ಬರ್ ದೋಣಿಯೊಂದನ್ನು ತಬ್ಬಿಕೊಂಡು ಧುಮುಕಿ ಬದುಕುಳಿಯುತ್ತಾರೆ. ಭೌತವಿಜ್ಞಾನದ ಮೇಷ್ಟ್ರಿಗೆ ತೋರಿಸಿದರೆ ಈ ದೋಣಿಗೂ ಆ ಫ್ರಿಜ್ಜಿಗೂ ಸೊನ್ನೆಯೇ ಬೀಳುತ್ತದೆ. ವ್ಯತ್ಯಾಸ ಇರುವುದು ಕಥೆಯ ನಡೆಯಲ್ಲಿ. ದೋಣಿ ಹಿಮದ ಮೇಲೆ ಬಿದ್ದರೆ ಅಲ್ಲಿಂದ ಜಾರಲು ಶುರು, ಜಾರಿದರೆ ಮುಂದೆ ಕಡಿದಾದ ಕಣಿವೆ, ಕಣಿವೆಗೆ ಬಿದ್ದರೆ ಭೋರ್ಗರೆವ ನದಿ. ಒಂದು ಉಪಾಯ ಇನ್ನೊಂದು ಅಪಾಯವನ್ನು ಹೆರುತ್ತದೆ, ಪಾತ್ರಗಳು ಉಸಿರುಗಟ್ಟಿ ಕಿರುಚುತ್ತಲೇ ಇರುತ್ತವೆ. ಫ್ರಿಜ್ಜು ಬಿದ್ದಲ್ಲಿಗೆ ಕಷ್ಟ ಮುಗಿದುಹೋಗುತ್ತದೆ. ಮೈಯ ವಿಕಿರಣ ತೊಳೆಯಲು ಉಜ್ಜಿ ಉಜ್ಜಿ ಸ್ನಾನ ಮಾಡಿಸುವ ಒಂದು ತುಣುಕು, ಅಲ್ಲಿಗೆ ಬಾಂಬಿನ ಮಾತೇ ಇಲ್ಲ. ಭೂಮಿಯ ಮೇಲಿನ ಅತಿ ದೊಡ್ಡ ಅಸ್ತ್ರವೇ ಇವನಿಗೆ ಏನೂ ಮಾಡದೆ ಹೋದಮೇಲೆ ಸ್ಪಾಲ್ಕೊಳ ಕತ್ತಿಗೆ, ಕೆಂಪು ಇರುವೆಗಳ ಸೈನ್ಯಕ್ಕೆ, ಮೂರಲ್ಲ ಮೂವತ್ತು ಜಲಪಾತಕ್ಕೆ ನಾವು ಹೆದರುವುದು ಹೇಗೆ?

ಯಾರೂ ಪೂಜಿಸದ ಬುರುಡೆ

ಪ್ರತಿ ಚಿತ್ರದಲ್ಲೂ ಇಂಡಿ ಒಂದು ಪ್ರಾಚೀನ ವಸ್ತುವಿನ ಹಿಂದೆ ಬೀಳುತ್ತಾನೆ. ಮೊದಲ ಮೂರು ಚಿತ್ರಗಳಲ್ಲಿ ಆ ವಸ್ತುಗಳು ಯಾವುವು? ಯೆಹೂದ್ಯರ ಒಡಂಬಡಿಕೆಯ ಪೆಟ್ಟಿಗೆ, ಒಂದು ಬಡ ಹಳ್ಳಿಯ ಶಿವಲಿಂಗ, ಯೇಸು ಕೊನೆಯ ಊಟದಲ್ಲಿ ಬಳಸಿದ ಬಟ್ಟಲು. ಮೂರರ ಹಿಂದೆಯೂ ಶತಮಾನಗಳ ನಂಬಿಕೆ ಇದೆ, ಇವತ್ತಿಗೂ ಕೈಮುಗಿಯುವ ಜನರಿದ್ದಾರೆ. ಪ್ರೊಫೆಸರ್ ಜೋನ್ಸ್ ನಂಬದವನಾಗಿ ಹೊರಡುತ್ತಾನೆ, ಕೊನೆಗೆ ತನ್ನ ವಿದ್ಯೆಗಿಂತ ದೊಡ್ಡದೊಂದರ ಎದುರು ತಲೆಬಾಗುತ್ತಾನೆ. ಪೆಟ್ಟಿಗೆ ತೆರೆದಾಗ ಅವನು ಮಾಡುವುದು ಇಷ್ಟೇ: ಕಣ್ಣು ಮುಚ್ಚಿಕೊಂಡು, ಮೇರಿಯನ್‌ಗೂ ಮುಚ್ಚಿಕೋ ಎನ್ನುವುದು. ನಾಯಕ ಏನನ್ನೂ ಮಾಡದೆ ಸುಮ್ಮನಿರುವುದೇ ಅಲ್ಲಿ ಉಳಿವಿನ ದಾರಿ.

'ಟೆಂಪಲ್ ಆಫ್ ಡೂಮ್' ಬಗ್ಗೆ ನಮ್ಮವರಿಗೆ ತಕರಾರು ಇದ್ದೇ ಇದೆ, ಇರಬೇಕಾದದ್ದೇ. ಅರಮನೆಯ ಔತಣದಲ್ಲಿ ಕಣ್ಣುಗುಡ್ಡೆಯ ಸೂಪು, ಕೋತಿಯ ಮಿದುಳು ಬಡಿಸುವ ಭಾರತವನ್ನು ನಾವು ಎಲ್ಲಿಯೂ ಕಂಡಿಲ್ಲ. ಚಿತ್ರಕಥೆ ಓದಿದ ಭಾರತ ಸರ್ಕಾರ ಬದಲಾವಣೆಗಳನ್ನು ಕೇಳಿತು. ಮಾತು ಕುದುರದೆ ಚಿತ್ರತಂಡ ಶ್ರೀಲಂಕಾದ ಕ್ಯಾಂಡಿಗೆ ಹೋಗಿ ಹಳ್ಳಿಯ ಸೆಟ್ ಹಾಕಿತು. ಭಾರತದಲ್ಲಿ ಕೆಲಕಾಲ ಪ್ರದರ್ಶನಕ್ಕೂ ತಡೆ ಬಿತ್ತು. ಅದರಲ್ಲಿ ಖಳ ಮೋಲಾ ರಾಮ್ ಆಗಿ ನಡುಕ ಹುಟ್ಟಿಸಿದ ಅಮರೀಶ್ ಪುರಿ ಕನ್ನಡಿಗರಿಗೆ ಅದಕ್ಕೂ ಮೊದಲೇ ಪರಿಚಿತರು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು 1973ರಲ್ಲಿ ನಿರ್ದೇಶಿಸಿದ 'ಕಾಡು' ಚಿತ್ರದ ಚಂದ್ರೇಗೌಡ ಅವರೇ. ನಿರ್ದೇಶಕ ಸ್ಪೀಲ್‌ಬರ್ಗ್ ಅವರ ಚಿತ್ರಕ್ಕಾಗಿ ಅವರು ಬೋಳಿಸಿಕೊಂಡ ತಲೆ ಮುಂದೆ ಹಿಂದಿ ಚಿತ್ರರಂಗದಲ್ಲೂ ಅವರ ಗುರುತಾಯಿತು. ಚಿತ್ರದಲ್ಲಿ ಭಾರತದ ಬಗ್ಗೆ ಇಷ್ಟೊಂದು ಅಸಂಬದ್ಧವಿದ್ದರೂ ಕಥೆಯ ಎಳೆ ಕಡಿಯುವುದಿಲ್ಲ. ಲಿಂಗ ಕಳೆದುಕೊಂಡ ಹಳ್ಳಿಯಲ್ಲಿ ಬಾವಿ ಬತ್ತಿದೆ, ಹೊಲ ಒಣಗಿದೆ, ಮಕ್ಕಳು ಕಾಣೆಯಾಗಿದ್ದಾರೆ. ಕಲ್ಲು ಮರಳಿ ಬಂದರೆ ಯಾರಿಗೆ ಏನು ಸಿಗುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ.

1989ರ 'ದ ಲಾಸ್ಟ್ ಕ್ರುಸೇಡ್' ಇದನ್ನು ಇನ್ನೂ ಚೊಕ್ಕವಾಗಿ ಮಾಡಿತು. ಬಟ್ಟಲನ್ನು ಜೀವನವಿಡೀ ಹುಡುಕಿದವನು ಇಂಡಿಯ ಅಪ್ಪ. ಕೊನೆಯಲ್ಲಿ ಖಳ ಆ ಅಪ್ಪನ ಹೊಟ್ಟೆಗೆ ಗುಂಡು ಹಾರಿಸುತ್ತಾನೆ, ಬಟ್ಟಲ ನೀರು ಕುಡಿಸಿದರಷ್ಟೇ ಅವನು ಉಳಿಯುವುದು. ಪ್ರಾಚ್ಯವಸ್ತುವಿನ ಹುಡುಕಾಟ ಒಂದೇ ಏಟಿಗೆ ಮಗ ಅಪ್ಪನನ್ನು ಉಳಿಸಿಕೊಳ್ಳುವ ಪಾಡಾಗುತ್ತದೆ. ಥಳಥಳಿಸುವ ಚಿನ್ನದ ಬಟ್ಟಲುಗಳ ನಡುವೆ ಇಂಡಿ ಆರಿಸಿಕೊಳ್ಳುವುದು ಬಡಗಿಯೊಬ್ಬ ಬಳಸಬಹುದಾದ ಸಾದಾ ಬಟ್ಟಲನ್ನು. ಕಥೆಗೆ ಬೇಕಾದ ಬುದ್ಧಿ, ನಂಬಿಕೆ, ಭಯ ಮೂರೂ ಆ ಒಂದು ಆಯ್ಕೆಯಲ್ಲಿವೆ.

ಇನ್ನು ಸ್ಫಟಿಕದ ಬುರುಡೆಗೆ ಬರೋಣ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1897ರಲ್ಲಿ ಅಂಥದೊಂದು ಬುರುಡೆಯನ್ನು ಅಮೆರಿಕದ ಪ್ರಸಿದ್ಧ ಆಭರಣ ಮಳಿಗೆ ಟಿಫನಿಯಿಂದ ಕೊಂಡಿತ್ತು. ಅದಕ್ಕೂ ಮೊದಲು ಅದು ಇದ್ದದ್ದು ಯೂಜೀನ್ ಬೊಬಾನ್ ಎಂಬ ಫ್ರೆಂಚ್ ವ್ಯಾಪಾರಿಯ ಕೈಯಲ್ಲಿ. 19ನೆಯ ಶತಮಾನದಲ್ಲಿ ಮೆಕ್ಸಿಕೊ, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಪ್ರಾಚ್ಯವಸ್ತು ಮಾರಿದ ಆಸಾಮಿ ಅವನು. ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿರುವ ಬುರುಡೆಯೂ ಅವನ ಕೈದಾಟಿ ಬಂದದ್ದೇ. ಮತ್ತೊಂದು ಬುರುಡೆ 1992ರಲ್ಲಿ ವಾಷಿಂಗ್‌ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಅಂಚೆಯಲ್ಲಿ ಬಂತು, ಕಳಿಸಿದವರ ಹೆಸರಿಲ್ಲದೆ. ಮಾನವಶಾಸ್ತ್ರಜ್ಞೆ ಜೇನ್ ವಾಲ್ಶ್ ಮತ್ತು ಬ್ರಿಟಿಷ್ ಮ್ಯೂಸಿಯಂನ ತಜ್ಞರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಲಂಡನ್, ವಾಷಿಂಗ್‌ಟನ್ ಬುರುಡೆಗಳ ಮೇಲ್ಮೈ ನೋಡಿದಾಗ ಕಂಡದ್ದು ತಿರುಗುವ ಚಕ್ರದಿಂದ ಉಜ್ಜಿದ ಗೆರೆಗಳು. ಯುರೋಪಿಯನ್ನರು ಬರುವ ಮೊದಲು ಮೆಕ್ಸಿಕೊದ ಕುಶಲಕರ್ಮಿಗಳ ಬಳಿ ಅಂಥ ಚಕ್ರವೇ ಇರಲಿಲ್ಲ. ಸ್ಮಿತ್ಸೋನಿಯನ್ ಬುರುಡೆಯಲ್ಲಂತೂ ಕಾರ್ಬೊರಂಡಮ್ ಎಂಬ ಆಧುನಿಕ ಉಜ್ಜುವಸ್ತುವಿನ ಕಣವೇ ಸಿಕ್ಕಿತು. ಇವೆರಡೂ ತೀರಾ ಈಚಿನ ಮಾಲು ಎಂಬ ಅಧ್ಯಯನ ಪ್ರಕಟವಾದದ್ದು 2008ರಲ್ಲಿ, ಅಂದರೆ ಚಿತ್ರ ಬಂದ ವರ್ಷವೇ!

ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಮಿಚೆಲ್-ಹೆಜಸ್ ಬುರುಡೆ. 1924ರಲ್ಲಿ ಈಗಿನ ಬೆಲೀಜ್ ದೇಶದ ಲುಬಾಂತುನ್ ಎಂಬ ಮಾಯಾ ಪಾಳುನಗರದಲ್ಲಿ ತನಗೆ ಅದು ಸಿಕ್ಕಿತೆಂದು ಸಾಹಸಿ ಮಿಚೆಲ್-ಹೆಜಸ್‌ನ ಸಾಕುಮಗಳು ಹೇಳಿಕೊಂಡಿದ್ದಳು. ದಾಖಲೆ ನೋಡಿದರೆ, 1943ರಲ್ಲಿ ಸದಬೀಸ್ ಹರಾಜಿಗೆ ಬಂದಿದ್ದ ಬುರುಡೆಯನ್ನು ಅವಳ ಅಪ್ಪ ಕೊಂಡುಕೊಂಡಿದ್ದ. ಈ ಬುರುಡೆಯ ಹೆಸರು ಚಿತ್ರದೊಳಗೂ ಬರುತ್ತದೆ.

ಒಂದು ಕಲ್ಲನ್ನು ಕೈಗೆತ್ತಿಕೊಂಡು ಯಾವ ಕಾಲದ್ದೆಂದು ಹೇಳಬಲ್ಲ ಪುರಾತತ್ವ ಪ್ರೊಫೆಸರ್, ನಕಲಿ ಮಾಲಿನ ದಂತಕಥೆಯ ಬೆನ್ನು ಹತ್ತಿ ಪೆರುವಿನ ಕಾಡು ಸುತ್ತುತ್ತಾನೆ. ಅದೂ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ದಂತಕಥೆಯನ್ನು ಎತ್ತಿ ಪೆರುವಿನಲ್ಲಿಟ್ಟು. ಪೆರುವಿನ ಕೆಚುವಾ ಭಾಷೆಯನ್ನು ತಾನು ಮೆಕ್ಸಿಕೊದ ಕ್ರಾಂತಿಕಾರಿ ಪಾಂಚೊ ವಿಯಾನ ಕಡೆಯವರಿಂದ ಕಲಿತೆ ಎನ್ನುತ್ತಾನೆ ಇಂಡಿ. ಎರಡಕ್ಕೂ ಸಾವಿರಾರು ಕಿಲೋಮೀಟರ್ ಅಂತರ, ಮೆಕ್ಸಿಕೊದಲ್ಲಿ ಕೆಚುವಾ ಆಡುವವರಿಲ್ಲ. ಇಂಥ ತಪ್ಪುಗಳನ್ನು ಮನರಂಜನೆಯ ಹೆಸರಲ್ಲಿ ಮನ್ನಿಸಿಬಿಡಬಹುದು, ಹಳೆಯ ಚಿತ್ರಗಳಲ್ಲೂ ಅವು ಇದ್ದವು. ಮನ್ನಿಸಲಾಗದ್ದು ಬುರುಡೆಯ ಖಾಲಿತನ. ಅದು ಕಳೆದುಹೋಗಿ ಅತ್ತವರು ಯಾರೂ ಇಲ್ಲ, ಅದು ಮರಳಿ ಬರಲೆಂದು ಕಾದವರೂ ಇಲ್ಲ. ಅದನ್ನು ವಾಪಸ್ ಇಟ್ಟರೆ ಯಾರ ಬಾವಿಯೂ ತುಂಬುವುದಿಲ್ಲ. ಇಟ್ಟಾಗ ಆಗುವುದು ಇಷ್ಟೇ: ಬೇರೆ ಆಯಾಮದಿಂದ ಬಂದ ಜೀವಿಗಳು ಹಾರುವ ತಟ್ಟೆಯಲ್ಲಿ ಹೊರಟುಹೋಗುತ್ತವೆ, ನಾಯಕ ದಿಬ್ಬದ ಮೇಲೆ ನಿಂತು ನೋಡುತ್ತಾನೆ.

ಚಿತ್ರದ ಆರಂಭದ ಗೋದಾಮನ್ನೂ ಇಲ್ಲಿ ನೆನೆಯಬೇಕು. ಮೊದಲ ಚಿತ್ರದ ಕೊನೆಯಲ್ಲಿ ಒಡಂಬಡಿಕೆಯ ಪೆಟ್ಟಿಗೆಯನ್ನು ಮರದ ಖೋಕಾದಲ್ಲಿ ಜಡಿದು, ಸಾವಿರಾರು ಖೋಕಾಗಳ ನಡುವೆ ತಳ್ಳಿಕೊಂಡು ಹೋದ ಅದೇ ಗೋದಾಮು. ನಾಲ್ಕನೆಯ ಚಿತ್ರದಲ್ಲಿ ಜೀಪು ಗುದ್ದಿ ಒಂದು ಖೋಕಾ ಒಡೆಯುತ್ತದೆ, ಬಿರುಕಿನಲ್ಲಿ ಪೆಟ್ಟಿಗೆಯ ಚಿನ್ನದ ಅಂಚು ಇಣುಕುತ್ತದೆ. ಗುರುತು ಹಿಡಿದವರು ನಕ್ಕು ಮುಂದೆ ಹೋಗಲಿ ಎಂದು ಇಟ್ಟ ತಮಾಷೆ ಅದು. ಅಂದು ನಾಜಿಗಳ ದಂಡನ್ನೇ ಸುಟ್ಟುಹಾಕಿದ ವಸ್ತು ಇಂದು ಹಳೆಯ ನೆನಪಿನ ಚಟಾಕಿ.

ಇಬ್ಬರು ಗೆಳೆಯರ ರಾಜಿ

ಸ್ಪೀಲ್‌ಬರ್ಗ್‌ನಂಥ ಕಸುಬುದಾರನ ಕೈಯಲ್ಲಿ ಇದೆಲ್ಲ ಹೇಗೆ ಜಾರಿತು ಎಂಬುದಕ್ಕೆ ಉತ್ತರ ಚಿತ್ರಕಥೆಯ ಚರಿತ್ರೆಯಲ್ಲಿದೆ. ಇಂಡಿಯಾನಾ ಜೋನ್ಸ್ ಹುಟ್ಟಿದ್ದು 1977ರಲ್ಲಿ, ಹವಾಯಿಯಲ್ಲಿ. 'ಸ್ಟಾರ್ ವಾರ್ಸ್' ಬಿಡುಗಡೆಯ ಗಲಾಟೆಯಿಂದ ತಪ್ಪಿಸಿಕೊಂಡು ಹೋಗಿದ್ದ ಜಾರ್ಜ್ ಲ್ಯೂಕಾಸ್, ಗೆಳೆಯ ಸ್ಪೀಲ್‌ಬರ್ಗ್‌ಗೆ ಈ ಕಥೆ ಹೇಳಿದ್ದರು. ನಾಯಕನಿಗೆ ಲ್ಯೂಕಾಸರ ನಾಯಿಯ ಹೆಸರು. ತಾವು ಬಾಲ್ಯದಲ್ಲಿ ನೋಡಿದ, 1930-40ರ ದಶಕದ ಅಗ್ಗದ ಧಾರಾವಾಹಿ ಚಿತ್ರಗಳನ್ನು ದೊಡ್ಡದಾಗಿ, ಚೆನ್ನಾಗಿ ಮಾಡಬೇಕೆಂಬುದು ಇಬ್ಬರ ಆಸೆ.

ನಾಲ್ಕನೆಯ ಕಂತಿಗೆ ಲ್ಯೂಕಾಸ್ ಇದೇ ತರ್ಕವನ್ನು ಮುಂದಕ್ಕೊಯ್ದರು. ನಾಯಕನಿಗೆ ವಯಸ್ಸಾಗಿದೆ, ಕಥೆ ನಡೆಯುವುದು 1957ರಲ್ಲಿ. ಆ ಕಾಲದ ಅಗ್ಗದ ಚಿತ್ರಗಳಲ್ಲಿ ತುಂಬಿದ್ದದ್ದು ಹಾರುವ ತಟ್ಟೆಗಳು, ಹಾಗಾಗಿ ನಮ್ಮಲ್ಲೂ ಅವೇ ಇರಲಿ. ಕಾಗದದ ಮೇಲೆ ಸರಿಯಾಗಿಯೇ ಇದ್ದ ಯೋಚನೆ. 'ಕ್ಲೋಸ್ ಎನ್‌ಕೌಂಟರ್ಸ್' ಮತ್ತು 'ಇ.ಟಿ.' ಮಾಡಿದ್ದ ಸ್ಪೀಲ್‌ಬರ್ಗ್‌ಗೆ ಮತ್ತೆ ಅನ್ಯಗ್ರಹದವರ ಸಹವಾಸ ಬೇಡವಾಗಿತ್ತು. ವರ್ಷಗಟ್ಟಲೆ ಜಗ್ಗಾಟ ನಡೆಯಿತು. 'ದ ಶಾಶಾಂಕ್ ರಿಡೆಂಪ್ಶನ್' ಖ್ಯಾತಿಯ ಫ್ರ್ಯಾಂಕ್ ಡರಬಾಂಟ್ ಬರೆದುಕೊಟ್ಟ ಚಿತ್ರಕಥೆ ಸ್ಪೀಲ್‌ಬರ್ಗ್‌ಗೆ ಬಹಳ ಹಿಡಿಸಿತು. ಲ್ಯೂಕಾಸ್ ಒಪ್ಪಲಿಲ್ಲ. ಕೊನೆಗೆ ಡೇವಿಡ್ ಕೆಪ್ ಬರೆದ ಕಥೆ ಇಬ್ಬರ ನಡುವಿನ ರಾಜಿ. ಅನ್ಯಗ್ರಹದವರು ಎನ್ನಲಿಲ್ಲ, ಅನ್ಯ ಆಯಾಮದವರು ಎಂದರು. ಹಾರುವ ತಟ್ಟೆ ಹಾಗೆಯೇ ಉಳಿಯಿತು.

ಫ್ರಿಜ್ಜಿನ ಹೊಣೆಯ ವಿಷಯದಲ್ಲಿ ಗೆಳೆಯರಿಬ್ಬರ ನಡೆ ಮೆಚ್ಚುವಂಥದ್ದು. ಅದು ನನ್ನ ಹುಚ್ಚು, ಲ್ಯೂಕಾಸ್‌ರನ್ನು ದೂರಬೇಡಿ ಎಂದರು ಸ್ಪೀಲ್‌ಬರ್ಗ್. ಅವರು ನನ್ನನ್ನು ಕಾಪಾಡಲು ಹಾಗೆ ಹೇಳುತ್ತಿದ್ದಾರೆ, ಅದು ನನ್ನದೇ ಎಂದರು ಲ್ಯೂಕಾಸ್. ಆದರೆ ಇಬ್ಬರೂ ಪರಸ್ಪರ ಮನಸ್ಸು ನೋಯಿಸಬಾರದೆಂದು ಬಿಟ್ಟುಕೊಟ್ಟುಕೊಂಡು ಮಾಡಿದ ಸಿನಿಮಾದಲ್ಲಿ ಯಾರ ಹಟವೂ ಪೂರ್ತಿ ನಿಲ್ಲುವುದಿಲ್ಲ. ಮನಃಪೂರ್ವಕವಾಗಿ ಹುಚ್ಚುಚ್ಚಾದ ಹಾರುವ ತಟ್ಟೆಯ ಚಿತ್ರವೂ ಅದಾಗಲಿಲ್ಲ, ಹಳೆಯ ಬಗೆಯ ಇಂಡಿ ಚಿತ್ರವೂ ಆಗಲಿಲ್ಲ. ಮಟ್ ಪಾತ್ರ ಮಾಡಿದ್ದ ಶಯಾ ಲಬೋಫ್ 2010ರಲ್ಲಿ, ಜನ ಪ್ರೀತಿಸಿದ ಪರಂಪರೆಯೊಂದನ್ನು ನಾವು ಕೈಚೆಲ್ಲಿದೆವು ಎಂಬರ್ಥದಲ್ಲಿ ಬಹಿರಂಗವಾಗಿಯೇ ಹೇಳಿದರು.

ಹೇಳದೆ ಬಿಟ್ಟ ಕಥೆ

ಬೇಸರ ಹೆಚ್ಚಾಗುವುದು ಚಿತ್ರದ ಮೊದಲ ಅರ್ಧ ಗಂಟೆಯನ್ನು ಮತ್ತೆ ನೋಡಿದಾಗ. ಅಲ್ಲಿ ಬೇರೊಂದು ಒಳ್ಳೆಯ ಸಿನಿಮಾದ ಬೀಜವಿದೆ. ಚಿತ್ರೀಕರಣದ ಸಮಯದಲ್ಲಿ 65ಕ್ಕೆ ಕಾಲಿಟ್ಟ ಹ್ಯಾರಿಸನ್ ಫೋರ್ಡ್ ಆರಂಭದಲ್ಲಿ ಕಾಣುವುದು ಕಾರಿನ ಮೇಲೆ ಬಿದ್ದ ನೆರಳಾಗಿ. ನೆಲದ ಮೇಲಿನ ಟೋಪಿಯನ್ನೆತ್ತಿ ತಲೆಗಿಟ್ಟುಕೊಳ್ಳುವ ನೆರಳು. ಮಾತಿಲ್ಲದೆ ಪಾತ್ರವನ್ನು ಮರಳಿ ತರುವ ಜಾಣ್ಮೆ ಅದು. ಸೋವಿಯತ್ ಗೂಢಚಾರರು ಅವನನ್ನು ಅಪಹರಿಸಿ ಬಳಸಿಕೊಂಡ ಒಂದೇ ಕಾರಣಕ್ಕೆ ಅಮೆರಿಕದ ಎಫ್‌ಬಿಐ ಅವನನ್ನೇ ಶಂಕಿಸುತ್ತದೆ. ಎಲ್ಲೆಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲ. ಯುದ್ಧದಲ್ಲಿ ದೇಶಕ್ಕೆ ದುಡಿದವನ ನಿಷ್ಠೆ ಪ್ರಶ್ನೆಗೊಳಗಾಗುತ್ತದೆ, ವಿಶ್ವವಿದ್ಯಾಲಯದ ಕೆಲಸ ಹೋಗುತ್ತದೆ, ಅವನ ಪರ ನಿಂತ ಡೀನ್ ರಾಜೀನಾಮೆ ಕೊಡುತ್ತಾನೆ. ಮನೆಯ ಮೇಜಿನ ಮೇಲೆ ತೀರಿಕೊಂಡ ಅಪ್ಪನ ಫೋಟೊ, ತೀರಿಕೊಂಡ ಗೆಳೆಯ ಬ್ರೋಡಿಯ ಫೋಟೊ. ಬದುಕು ಕೊಡುವುದನ್ನು ನಿಲ್ಲಿಸಿ ಕಿತ್ತುಕೊಳ್ಳಲು ಶುರುಮಾಡುವ ವಯಸ್ಸಿಗೆ ಬಂದಿದ್ದೇವೆ ಎಂಬ ಭಾವದ ಮಾತು ಅಲ್ಲಿ ಬರುತ್ತದೆ.

ಕೆಲಸ, ಮಾನ, ಮನೆಯವರು, ಎಲ್ಲ ಕಳೆದುಕೊಂಡ ಅರವತ್ತು ಸಮೀಪಿಸಿದ ಮೇಷ್ಟ್ರು. ಕಳೆದುಕೊಳ್ಳುವ ಭಯ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗುತ್ತದೆ? ವಯಸ್ಸು ಅಲ್ಲಿ ಅಡ್ಡಿಯಾಗಬೇಕಿರಲಿಲ್ಲ, ಅದೇ ಕಥೆಯ ಬಲವಾಗಬಹುದಿತ್ತು. ಕಾಡಿಗೆ ಕಾಲಿಟ್ಟದ್ದೇ ತಡ, ಚಿತ್ರ ಇದೆಲ್ಲವನ್ನೂ ಮರೆಯುತ್ತದೆ. ಇಪ್ಪತ್ತು ವರ್ಷ ದೂರವಿದ್ದ ಮೇರಿಯನ್ ಸಿಕ್ಕ ಐದು ನಿಮಿಷಕ್ಕೆ ಜಗಳ ತಮಾಷೆಯಾಗುತ್ತದೆ. ಮಟ್ ತನ್ನ ಮಗ ಎಂಬ ಸತ್ಯ ಕುಸಿಯುವ ಮರಳಿನಲ್ಲಿ ಹೂತು ನಿಂತ ಹೊತ್ತಲ್ಲಿ ಬಯಲಾಗುತ್ತದೆ, ನಗೆಯೊಂದಿಗೆ ತೇಲಿಹೋಗುತ್ತದೆ. ತನ್ನ ಅಪ್ಪನ ಜೊತೆ ಇಡೀ ಒಂದು ಚಿತ್ರ ಸೆಣಸಿದವನು ತಾನೇ ಅಪ್ಪನಾದಾಗ ಹೇಗಿರುತ್ತಾನೆ ಎಂದು ತಿಳಿಯಲು ಕಾತರದಿಂದ ಕೂತವರಿಗೆ ಸಿಕ್ಕಿದ್ದು ಕೋತಿಗಳ ಹಿಂಡು. ಕೊನೆಯಲ್ಲಿ ಕಳೆದುಹೋದ ಕೆಲಸ ಬಡ್ತಿಯೊಂದಿಗೆ ಮರಳಿ ಬರುತ್ತದೆ, ಮದುವೆಯೂ ಆಗುತ್ತದೆ. ಎಫ್‌ಬಿಐಯ ಅನುಮಾನ ಹೇಗೆ ತೀರಿತೆಂದು ಯಾರೂ ಹೇಳುವುದಿಲ್ಲ.

ಬಾಕಿ ಬಿದ್ದ ಬಿಲ್ಲು

ಮುಂದುವರಿದ ಭಾಗಗಳ ಗಳಿಕೆಯ ಬಗ್ಗೆ ಒಂದು ಮಾತು. ಎರಡನೆಯದೋ ನಾಲ್ಕನೆಯದೋ ಕಂತಿಗೆ ಮೊದಲ ವಾರ ಮುಗಿಬೀಳುವ ಜನ ಹಣ ಕೊಡುವುದು ಹಿಂದಿನ ಚಿತ್ರದ ನೆನಪಿಗೆ. ಹೊಸ ಚಿತ್ರ ಹೇಗಿದೆಯೆಂದು ಅವರಿಗಿನ್ನೂ ಗೊತ್ತಿರುವುದಿಲ್ಲ. ಆ ಚಿತ್ರ ಕೈಕೊಟ್ಟರೆ ನಷ್ಟ ಕಾಣಿಸುವುದು ಅದರ ಮುಂದಿನದರಲ್ಲಿ. 2023ರಲ್ಲಿ ಜೇಮ್ಸ್ ಮ್ಯಾನ್‌ಗೋಲ್ಡ್ ನಿರ್ದೇಶನದಲ್ಲಿ ಐದನೆಯ ಕಂತು 'ಡಯಲ್ ಆಫ್ ಡೆಸ್ಟಿನಿ' ಬಂತು. ಲ್ಯೂಕಾಸ್‌ರ ಕಂಪನಿಯನ್ನು 2012ರಲ್ಲಿ ಕೊಂಡಿದ್ದ ಡಿಸ್ನಿ ಅದಕ್ಕೆ 30 ಕೋಟಿ ಡಾಲರ್‌ನ ಆಸುಪಾಸು ಸುರಿಯಿತು. ಬಂದದ್ದು ಸುಮಾರು 38 ಕೋಟಿ ಡಾಲರ್. ಚಿತ್ರಮಂದಿರಗಳ ಪಾಲು, ಪ್ರಚಾರದ ಖರ್ಚು ಕಳೆದರೆ ಭಾರೀ ನಷ್ಟ. ಎಲ್ಲ ಪಾಪವನ್ನೂ ಬುರುಡೆಯ ತಲೆಗೇ ಕಟ್ಟಲಾಗದು. ಕೋವಿಡ್ ನಂತರ ಚಿತ್ರಮಂದಿರಕ್ಕೆ ಹೋಗುವ ರೂಢಿ ಬದಲಾಗಿತ್ತು, ಹೊಸ ಪೀಳಿಗೆಗೆ ಇಂಡಿ ಅಪ್ಪಂದಿರ ಕಾಲದ ನಾಯಕ, ನಾಯಕನಟನ ವಯಸ್ಸು 80. ಆದರೂ ನಾಲ್ಕನೆಯದನ್ನು ನೋಡಿ ಮೂಗು ಮುರಿದಿದ್ದ ಹಳಬರು ಐದನೆಯದಕ್ಕೆ ಓಡಿ ಬರಲಿಲ್ಲ ಎಂಬುದೂ ನಿಜ. ನಾಲ್ಕನೆಯದರಲ್ಲಿ ಉತ್ತರಾಧಿಕಾರಿಯಂತೆ ತೋರಿಸಿದ್ದ ಮಗ ಮಟ್ ವಿಯೆಟ್ನಾಂ ಯುದ್ಧದಲ್ಲಿ ಸತ್ತನೆಂದು ಐದನೆಯದರಲ್ಲಿ ಮಾತಿನಲ್ಲೇ ಹೇಳಿ ಮುಗಿಸಿದರು. ಸರಣಿಯೇ ತನ್ನ ಹಿಂದಿನ ಕಂತಿನ ಮೇಲೆ ಕೊಟ್ಟ ತೀರ್ಪು ಅದು.

ಈಗ ಎಲ್ಲ ಭಾಷೆಗಳಲ್ಲೂ ಎರಡನೆಯ ಭಾಗ, ಮೂರನೆಯ ಭಾಗಗಳ ಸುಗ್ಗಿ. ಹೊಸದೊಂದರ ಟ್ರೇಲರ್ ನೋಡುವಾಗ ಸೆಟ್ ಎಷ್ಟು ದೊಡ್ಡದು, ಗ್ರಾಫಿಕ್ಸ್‌ಗೆ ಎಷ್ಟು ಕೋಟಿ ಎಂದು ಕೇಳುವ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಸಲ ನಾಯಕ ಏನನ್ನು ಕಳೆದುಕೊಳ್ಳಬಹುದು? ಅವನು ಹುಡುಕಿ ಹೊರಟದ್ದು ಯಾರಿಗೆ ಬೇಕು? ಎರಡಕ್ಕೂ ಉತ್ತರವಿಲ್ಲದಿದ್ದರೆ ಟಿಕೆಟ್‌ಗೆ ಅವಸರ ಬೇಡ.

ಇಂಡಿಯಾನಾ ಜೋನ್ಸ್‌ನನ್ನು ಇನ್ನೂ ನೋಡಿಲ್ಲದವರು 1981ರ ಚಿತ್ರದಿಂದ ಶುರುಮಾಡಿ, 1989ರದ್ದನ್ನು ತಪ್ಪಿಸಬೇಡಿ. 'ಟೆಂಪಲ್ ಆಫ್ ಡೂಮ್'ನ ಔತಣವನ್ನು ಸಹಿಸಿಕೊಂಡರೆ ಅಮರೀಶ್ ಪುರಿ ಸಿಗುತ್ತಾರೆ. 2008ರ ಚಿತ್ರದಲ್ಲಿ ನೋಡಬೇಕಾದದ್ದು ಮೊದಲ ಅರ್ಧ ಗಂಟೆ, ಆಮೇಲೆ ವಿಶ್ವವಿದ್ಯಾಲಯದ ಬೀದಿಗಳಲ್ಲಿ ಓಡುವ ಮೋಟಾರ್‌ಸೈಕಲ್ ದೃಶ್ಯ. ವಿಮಾನ ಪೆರುವಿಗೆ ಹೊರಟ ಮೇಲೆ ನೀವು ಎದ್ದು ಹೋದರೂ ಏನನ್ನೂ ಕಳೆದುಕೊಳ್ಳುವುದಿಲ್ಲ.